ಮನೆಯ ಹೆಸರೂ ಚಾವಡಿಯೂ: ವೆಬ್ ವಿಳಾಸದಲ್ಲಿ ಬಳಕೆದಾರನ ನೆಲೆ

ಮಿಜಾರಿನಂತಹ ತುಳುನಾಡಿನ ಗ್ರಾಮಗಳಲ್ಲಿ ಮನೆಯನ್ನು ಗುರುತಿಸುವುದು ಅದರ ಹೆಸರಿನಿಂದ. ಗ್ರಾಮದ ಹೆಸರಿನೊಡನೆ ಮನೆಯ ಹೆಸರನ್ನು ಬರೆದರೆ ಅಂಚೆಯವನು ಗುಡ್ಡ ಬಯಲುಗಳನ್ನು ದಾಟಿ ಕಾಗದವನ್ನು ತಲುಪಿಸುತ್ತಾನೆ. ವೆಬ್ ಸರ್ವರಿನಲ್ಲಿಯೂ ಇಂತಹುದೇ ಒಂದು ಏರ್ಪಾಡು ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದ ಪ್ರಾಧ್ಯಾಪಕರ ಪುಟಗಳನ್ನು ನೋಡಿದವರು ವಿಳಾಸದ ನಡುವೆ '~' ಎಂಬ ಅಲೆಯಾಕಾರದ ಚಿಹ್ನೆಯನ್ನು ಕಂಡಿರಬಹುದು. ಟಿಲ್ಡೆ ಎಂಬ ಈ ಚಿಹ್ನೆಗೆ ಯುನಿಕ್ಸ್ ವ್ಯವಸ್ಥೆಯ ಸಿ ಶೆಲ್ಲಿನಲ್ಲಿ, 1970ರ ದಶಕದ ಕೊನೆಯಲ್ಲಿಯೇ, ಬಳಕೆದಾರನ ಮನೆ ಎಂಬ ಅರ್ಥವಿದ್ದಿತು.

1995ರಲ್ಲಿ ಹೊರಬಂದ ಅಪಾಚೆ ಸರ್ವರಿನಲ್ಲಿ ಈ ಕಾರ್ಯವನ್ನು ನಡೆಸುವ ಆಜ್ಞೆಯ ಹೆಸರು 'ಯೂಸರ್‌ಡಿರ್'. '/~ಶರಣ/ಪಾಠ' ಎಂಬ ಕೇಳಿಕೆ ಬಂದಿತೆನ್ನೋಣ. ಸರ್ವರು ಟಿಲ್ಡೆಯ ಮುಂದಿನ ಹೆಸರನ್ನು ಬೇರ್ಪಡಿಸಿ, ಯಂತ್ರದ ಖಾತೆಗಳ ದಾಖಲೆಯಲ್ಲಿ ಅವನ ಹೋಮ್ ಡೈರೆಕ್ಟರಿ ಎಲ್ಲಿದೆಯೆಂದು ವಿಚಾರಿಸುತ್ತದೆ. '/ಹೋಮ್/ಶರಣ' ಎಂದು ಉತ್ತರ ಬಂದರೆ, ಅದರೊಳಗಿನ 'ಪಬ್ಲಿಕ್_ಹೆಚ್‌ಟಿಎಂಎಲ್' ಎಂಬ ಡೈರೆಕ್ಟರಿಯಲ್ಲಿ ಮಾತ್ರ ಪಾಠವನ್ನು ಹುಡುಕುತ್ತದೆ. ಗುತ್ತಿನ ಮನೆಗೆ ಬಂದ ಪರಸ್ಥಳದವನನ್ನು ಚಾವಡಿಯಲ್ಲಿ ಕುಳ್ಳಿರಿಸುವರೇ ಹೊರತು ಒಳಕೋಣೆಗೆ ಬಿಡುವುದಿಲ್ಲವಷ್ಟೆ.

ಆದರೆ ಚಾವಡಿಗೆ ಬರಲು ಅಂಗಳವನ್ನು ದಾಟಲೇಬೇಕು. ಸರ್ವರು ಸಾಮಾನ್ಯವಾಗಿ ಅಧಿಕಾರವಿಲ್ಲದ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ; ಹೋಮ್ ಡೈರೆಕ್ಟರಿಯನ್ನು ಹಾದುಹೋಗುವ ಅನುಮತಿ ಅದಕ್ಕಿಲ್ಲದಿದ್ದರೆ 403 ಎಂಬ ನಿಷೇಧದ ಉತ್ತರ ಬರುತ್ತದೆ. ಕಲಿಕೆಯವರು ಇಲ್ಲಿ ಬೇಸತ್ತು ಎಲ್ಲಕ್ಕೂ 777 ಎಂಬ ಅನುಮತಿಯನ್ನು ಕೊಟ್ಟುಬಿಡುವುದುಂಟು. ಅದು ಬೀಗದ ಕೈ ಕಳೆದುದಕ್ಕೆ ಬಾಗಿಲನ್ನೇ ಕಿತ್ತಿಟ್ಟಂತೆ: ಯಂತ್ರದಲ್ಲಿ ಖಾತೆಯುಳ್ಳ ಯಾರೂ ಅಲ್ಲಿನ ಕಡತಗಳನ್ನು ಅಳಿಸಬಹುದು. ಹೋಮ್ ಡೈರೆಕ್ಟರಿಗೆ 711, ಪ್ರಕಟಣೆಯ ಡೈರೆಕ್ಟರಿಗೆ 755 ಸಾಕು. ಮೊದಲನೆಯದು ಹಾದುಹೋಗಲು ಬಿಡುತ್ತದೆ, ಒಳಗೆ ಏನೇನಿದೆಯೆಂದು ಪಟ್ಟಿ ಮಾಡಲು ಬಿಡುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಇದೆ. ಇಲ್ಲದ ಹೆಸರಿಗೆ 404, ಇದ್ದೂ ಮುಚ್ಚಿದ ಮನೆಗೆ 403 ಎಂಬ ಉತ್ತರ ಬಂದರೆ, ಯಾವ ಹೆಸರಿನ ಖಾತೆ ಇದೆಯೆಂಬುದು ಹೊರಗಿನವನಿಗೆ ತಿಳಿದುಹೋಗುತ್ತದೆ. ಯಂತ್ರದ ಒಡೆಯನಾದ 'ರೂಟ್' ಖಾತೆಯನ್ನಂತೂ ಈ ಏರ್ಪಾಡಿನಿಂದ ಹೊರಗಿಡಬೇಕೆಂದು ಅಪಾಚೆಯ ಕೈಪಿಡಿಯೇ ಎಚ್ಚರಿಸುತ್ತದೆ.

ಖಾತೆ ರದ್ದಾದೊಡನೆ ಅದರ ವಿಳಾಸವೂ ನಿಂತುಹೋಗುತ್ತದೆ. ಸಂಸ್ಥೆಯನ್ನು ಬಿಟ್ಟ ಅಧ್ಯಾಪಕನ ಪಾಠಗಳನ್ನು ಅರಸಿ ಬಂದವನು ಬರಿಗೈಯಲ್ಲಿ ಮರಳಬೇಕಾಗುವುದು ಇದರಿಂದಲೇ. ಅಂತಹ ಕೇಳಿಕೆಗಳನ್ನು ಬೇರೊಂದು ಸರ್ವರಿಗೆ ತಿರುಗಿಸುವ ಅನುಕೂಲವೂ ಇದೇ ಆಜ್ಞೆಯಲ್ಲಿದೆ. ಡೈರೆಕ್ಟರಿಯ ಹೆಸರಿನ ಮುಂದೆ ಆ ಸರ್ವರಿನ ವಿಳಾಸವನ್ನು ಬರೆದಿಟ್ಟರಾಯಿತು.