ಜಾಮೀನು ಕೇಳುವ ಮೊದಲು ಉತಾರ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮದುವೆಯಾಗಿ, ಅಮೆರಿಕದಲ್ಲಿ ಪಗಾರ ಸಾಲದೆ ಸಂಗಾತಿಯನ್ನು ಕರೆಸಿಕೊಳ್ಳಲಾರದೆ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಅವರಲ್ಲೊಬ್ಬಳು. ಇಲ್ಲಿನ ಪೌರತ್ವವಿದೆ, ಶಾಲೆಯ ಅಡುಗೆಮನೆ ಕೆಲಸದಿಂದ ವರ್ಷಕ್ಕೆ ಸಿಗುವುದು 20,000 ಡಾಲರ್. ಇಬ್ಬರ ಸಂಸಾರಕ್ಕೆ ಐ-864 ಎಂಬ ಆರ್ಥಿಕ ಹೊಣೆಯ ನಮೂನೆ ಕೇಳಿದ್ದು, 2025ರ ಲೆಕ್ಕದಂತೆ, 26,437.

ಕಡಿಮೆ ಬಿದ್ದಾಗ ಎಲ್ಲರೂ ಹೇಳುವ ದಾರಿ ಒಂದೇ: ಇಲ್ಲಿರುವ ಸಂಬಂಧಿಕರೊಬ್ಬರ ಸಹಿ ಹಾಕಿಸು. ನಮ್ಮ ಸೋದರಮಾವ ಕೇಳಿದ ಕೂಡಲೇ ಒಪ್ಪಿದರು. "ಸಹಿ ಏನ್ ದೊಡ್ಡ ಮಾತವಾ, ಕಳಸು." ನಾನು ಷರತ್ತುಗಳನ್ನು ಫೋನಿನಲ್ಲೇ ಓದಿ ಹೇಳಿದೆ. ನನ್ನ ಗಂಡ ಪೌರನಾಗಬೇಕು, ಇಲ್ಲವೇ 40 ತ್ರೈಮಾಸಿಕಗಳ, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಲೆಕ್ಕಕ್ಕೆ ಸೇರಬೇಕು. ಅವರು ದೇಶ ಬಿಟ್ಟು ಹೋಗದಿದ್ದರೆ ಅಲ್ಲಿಯವರೆಗೂ ಹೊಣೆ ಮಾವನ ತಲೆಯ ಮೇಲೆ. "ನಾವಿಬ್ಬರು ಬ್ಯಾರೆ ಆದ್ರೂ ಇದು ಹರಿಯಂಗಿಲ್ಲ ಮಾವಾ" ಎಂದೆ. ಅವರಿಗೆ ಓದುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಸೊಸೈಟಿ ಸಾಲಕ್ಕೆ ಜಾಮೀನು ನಿಂತವರ ಮನೆಗೆ ನೋಟಿಸು ಬಂದದ್ದನ್ನು ನಾವೆಲ್ಲ ಊರಲ್ಲಿ ಕಂಡವರೇ. ಇಷ್ಟೆಲ್ಲ ಹೇಳದೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ದಾರಿಯಿದೆ. ಬರಬೇಕಾದವರ ಸ್ವಂತ ಆಸ್ತಿಯನ್ನೂ ತೋರಿಸಬಹುದು. ಪೌರರ ಸಂಗಾತಿಯಾದರೆ ಕೊರತೆಯ ಮೂರು ಪಟ್ಟು ಸಾಕು. ಕರೆಸಿಕೊಳ್ಳುವವರದು ಬರೀ ಗ್ರೀನ್ ಕಾರ್ಡ್ ಆಗಿದ್ದರೆ ಐದು ಪಟ್ಟು ಬೇಕು. ನನ್ನ ಕೊರತೆ 6,437. ಮೂರು ಪಟ್ಟು 19,311 ಡಾಲರ್, ರೂಪಾಯಿಯಲ್ಲಿ 16 ಲಕ್ಷದ ಮೇಲೆ. ಗಂಡನ ಹೆಸರಿನಲ್ಲಿ ಇಂಡಿ ತಾಲ್ಲೂಕಿನಲ್ಲಿ ನಿಂಬೆ ತೋಟವಿತ್ತು.

ಆದರೆ ಹೊಲ ಇದೆ ಎಂದರಷ್ಟೇ ಸಾಲದು. ವಾಟ್ನಿ ಆಗಿರಬೇಕು, ಉತಾರದಲ್ಲಿ ಅವರ ಹೆಸರೇ ಇರಬೇಕು. ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಪೂರಾ ಬೆಲೆ ನಮ್ಮದೆಂದು ತೋರಿಸಲಾಗದು. ಸೊಸೈಟಿಯ ಬೋಜಾ ಇದ್ದರೆ ಅಷ್ಟನ್ನು ಕಳೆಯುತ್ತಾರೆ. ಒಂದು ವರ್ಷದೊಳಗೆ ಮಾರಿ ನಗದು ಮಾಡಿಕೊಳ್ಳಬಹುದು ಎಂಬುದೂ ಕಾಣಬೇಕು. ನಾವು ಬೋಜಾ ತೀರಿಸಿದೆವು, ಮೌಲ್ಯಮಾಪಕರಿಂದ ಬೆಲೆ ಬರೆಸಿದೆವು, ಕನ್ನಡದ ಉತಾರಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿದೆವು. ತೋಟ ಮಾರಲಿಲ್ಲ, ಮಾರಬಲ್ಲೆವು ಎಂದು ತೋರಿಸಿದೆವು, ಅಷ್ಟೇ.

ಖರ್ಚನ್ನೂ ಮೊದಲೇ ಕೂಡಿಸಿಡಿ. ಆನ್‌ಲೈನ್ ಅರ್ಜಿಗೆ ನಾನು ಕಟ್ಟಿದ್ದು 625 ಡಾಲರ್, ವೀಸಾಕ್ಕೆ 325, ಐ-864 ಪರಿಶೀಲನೆಗೆ 120. ವೈದ್ಯಕೀಯ ತಪಾಸಣೆ, ಸೋಲಾಪುರದ ಮೇಲೆ ಹಾದು ಸಂದರ್ಶನಕ್ಕೆ ಮುಂಬೈಗೆ ಹೋಗಿ ಉಳಿಯುವ ಖರ್ಚು ಬೇರೆ.