ಮುಳ್ಳು ಚುಚ್ಚಿದ ಜಾಗದಲ್ಲಿ: ಉರಿಯೂತದ ಪರಿಚಯ

ಜಾಲಿ ಮುಳ್ಳೊಂದು ಅಂಗಾಲಿಗೆ ಚುಚ್ಚಿ, ತುದಿ ಒಳಗೇ ಮುರಿದು ಉಳಿಯಿತು ಎನ್ನಿ. ಮರುದಿನದ ಹೊತ್ತಿಗೆ ಆ ಜಾಗ ಕೆಂಪಗಾಗಿ ಊದಿಕೊಳ್ಳುತ್ತದೆ. ಮುಟ್ಟಿದರೆ ಬಿಸಿ, ಕಾಲೂರಿದರೆ ನೋವು. ಇದೆಲ್ಲ ಮುಳ್ಳಿನ ಕೆಲಸ ಎಂದು ನಮಗನ್ನಿಸುತ್ತದೆ. ನಿಜವಾಗಿ ಇದರಲ್ಲಿ ಮುಳ್ಳಿನ ಪಾಲು ಕಡಿಮೆ, ಹೆಚ್ಚಿನದನ್ನು ಮಾಡಿದ್ದು ನಮ್ಮದೇ ಮೈ. ಉರಿಯೂತ ಎಂದರೆ ಇದೇ. ಈ ಮಾತು ಮನಸ್ಸಿಗೆ ಹತ್ತಿದರೆ ಮುಂದಿನದು ಕಷ್ಟವಲ್ಲ.

ಕೆಂಪು, ಊತ, ಬಿಸಿ, ನೋವು: ಈ ನಾಲ್ಕನ್ನೂ ಒಟ್ಟಿಗೆ ಹೆಸರಿಸಿ ಬರೆದಿಟ್ಟವನು ಸುಮಾರು 2000 ವರ್ಷಗಳ ಹಿಂದಿನ ರೋಮಿನ ಸೆಲ್ಸಸ್. ಒಂದೊಂದಕ್ಕೂ ಕಾರಣವಿದೆ, ನಿಧಾನವಾಗಿ ನೋಡೋಣ.

ನಮ್ಮ ಚರ್ಮದಡಿ ಮಾಸ್ಟ್ ಕೋಶಗಳು ಯಾವಾಗಲೂ ಇರುತ್ತವೆ. ಗಾಯವಾದೊಡನೆ ಅವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ತಾಗಿದ ಸಣ್ಣ ರಕ್ತನಾಳಗಳು ಹಿಗ್ಗಿ, ಅಲ್ಲಿಗೆ ಹೆಚ್ಚು ರಕ್ತ ಹರಿದು ಬರುತ್ತದೆ. ಕೆಂಪಿಗೂ ಬಿಸಿಗೂ ಇದೇ ಕಾರಣ. (ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು. ಬಿಸಿಯನ್ನೂ ಊತವನ್ನೂ ಮುಟ್ಟಿ ನೋಡಬೇಕು.) ನಾಳದ ಗೋಡೆಯ ಕೋಶಗಳ ನಡುವೆ ಸಂದು ಬಿಡುತ್ತದೆ, ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಅದು ಊತ. ಬ್ರಾಡಿಕೈನಿನ್ ಎಂಬ ಇನ್ನೊಂದು ರಾಸಾಯನಿಕ ನರದ ತುದಿಗಳನ್ನು ಕೆರಳಿಸಿದರೆ, ಪ್ರೊಸ್ಟಗ್ಲಾಂಡಿನ್ ಎಂಬುದು ಅವುಗಳ ಸೂಕ್ಷ್ಮತೆಯನ್ನು ಹೆಚ್ಚಿಸುತ್ತದೆ. ಆ ನೋವಿನಿಂದಲೇ ಕಾಲಿಗೆ ವಿಶ್ರಾಂತಿ ಸಿಗುತ್ತದೆ.

ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿ, ಸಂದಿನಲ್ಲಿ ನುಸುಳಿ ಗಾಯದ ಜಾಗಕ್ಕೆ ಬರುತ್ತವೆ. ಬ್ಯಾಕ್ಟೀರಿಯಾಗಳನ್ನು ನುಂಗಿ ತಾವೂ ಸಾಯುತ್ತವೆ. ಕೀವಿನಲ್ಲಿ ಬಹುಪಾಲು ಇವೇ.

ಈ ನುಂಗುವ ಕೋಶಗಳ ಮಹತ್ವ ತಿಳಿದದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ರಷ್ಯಾದ ಜೀವಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್, ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ ಬೆಳಗಾಗುವವರೆಗೆ ಕಾದ. ಮುಳ್ಳಿನ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ಉರಿಯೂತವೆಂದರೆ ರಕ್ತನಾಳಗಳ ವ್ಯವಹಾರ ಎಂದು ವೈದ್ಯರು ನಂಬಿದ್ದ ಕಾಲವದು. ಆ ಮರಿಗಳಲ್ಲಿ ರಕ್ತನಾಳವೇ ಇರಲಿಲ್ಲ! ಹಾಗಾದರೆ ಕೋಶಗಳು ಬಂದು ಮುತ್ತುವುದೇ ಇದರ ಮೂಲ ಎಂದು ಆತ ವಾದಿಸಿದ. 1908ರಲ್ಲಿ ಪಾಲ್ ಎರ್ಲಿಚ್ ಜೊತೆ ನೊಬೆಲ್ ಪ್ರಶಸ್ತಿ ಪಡೆದ. ವಿಜ್ಞಾನದಲ್ಲಿ ಇಷ್ಟು ಸರಳ, ಇಷ್ಟು ಚೆಲುವಾದ ಪ್ರಯೋಗಗಳು ಹೆಚ್ಚಿಲ್ಲ.

ಇನ್ನು ಹೊಸಬರು ಸಾಮಾನ್ಯವಾಗಿ ಗಮನಿಸದ ಸಂಗತಿ. ಉರಿಯೂತ ಸುಮ್ಮನೆ ಆರಿಹೋಗುವುದಿಲ್ಲ, ಮೈ ಅದನ್ನು ನಿಲ್ಲಿಸಬೇಕು. ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಗಳು ನುಂಗಿ, ದುರಸ್ತಿಗೆ ಸೂಚನೆ ಕೊಡುತ್ತವೆ. ಒಮೆಗಾ-3 ಕೊಬ್ಬಿನಾಮ್ಲಗಳಿಂದ ತಯಾರಾಗುವ ರಿಸಾಲ್ವಿನ್‌ಗಳೂ ಇದಕ್ಕೆ ನೆರವಾಗುತ್ತವೆ. ಈ ನಿಲ್ಲಿಸುವ ಕೆಲಸ ಕೆಟ್ಟಾಗಲೇ ದೊಡ್ಡ ತೊಂದರೆ. ರುಮಟಾಯ್ಡ್ ಸಂಧಿವಾತದಲ್ಲಿ ಹೊರಗಿನ ಶತ್ರುವಿಲ್ಲದೆಯೇ ಉರಿಯೂತ ವರ್ಷಗಟ್ಟಲೆ ಮುಂದುವರಿದು ಕೀಲುಗಳನ್ನು ತಿನ್ನುತ್ತದೆ.

ಹೃದಯಾಘಾತದ ಹಿಂದೆಯೂ ಉರಿಯೂತದ ಕೈವಾಡವಿದೆ. ಕನಾಕಿನುಮಾಬ್ ಎಂಬ ಔಷಧ, ಉರಿಯೂತದ ಸಂದೇಶವೊಂದನ್ನು ತಡೆಯುತ್ತದೆ, ಕೊಲೆಸ್ಟ್ರಾಲ್ ಇಳಿಸುವುದಿಲ್ಲ. ಮೊದಲೇ ಹೃದಯಾಘಾತವಾಗಿದ್ದ ಸುಮಾರು 10,000 ಜನರಲ್ಲಿ ಅದನ್ನು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಗಿತ್ತು. ಆದರೆ ಸೋಂಕಿನಿಂದ ಸತ್ತವರ ಸಂಖ್ಯೆ ತುಸು ಏರಿತ್ತು. ಉರಿಯೂತವನ್ನು ಪೂರ್ತಿ ಅಡಗಿಸುತ್ತೇವೆಂದು ಪುಡಿ, ಕಷಾಯ ಮಾರುವವರ ಮಾತು ಕೇಳುವಾಗ ಇದನ್ನು ದಯವಿಟ್ಟು ನೆನಪಿಡಿ.

ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಆರ್‌ಪಿ ಎಂದು ಕಂಡರೆ, ಅದು ಉರಿಯೂತದ ಸುದ್ದಿ ತಲುಪಿದಾಗ ಯಕೃತ್ತು ತಯಾರಿಸುವ ಪ್ರೋಟೀನ್. ಅಂಕಿ ಏರಿದ್ದರೆ ಮೈಯಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ತಿಳಿಯುತ್ತದೆ. ಅದು ಶ್ವಾಸಕೋಶದಲ್ಲೋ, ಕೀಲಿನಲ್ಲೋ, ವಸಡಿನಲ್ಲೋ ಎಂಬುದನ್ನು ಚೀಟಿ ಹೇಳುವುದಿಲ್ಲ. ಅದಕ್ಕೇ ವೈದ್ಯರು ಚೀಟಿ ನೋಡಿದ ಮೇಲೂ ಅಷ್ಟೊಂದು ಪ್ರಶ್ನೆ ಕೇಳುವುದು.