ಅಂಗಳದ ಎರಡು ಬೊಡ್ಡೆಗಳು: ‘ಅಂಗಾಂಶಗಳು’ ಪಾಠದ ಒಂದು ಅನುಭವ

ಬೋಧನಾಭ್ಯಾಸಕ್ಕೆ ನನ್ನನ್ನು ಕಳಿಸಿದ್ದು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಗೆ. ಅಲ್ಲಿನ ಅಂಗಳದಲ್ಲಿ ಎರಡು ವರ್ಷದ ಹಿಂದೆ ಕಡಿಸಿದ ಎರಡು ಮರಗಳ ಬೊಡ್ಡೆಗಳಿದ್ದವು, ಒಂದು ತೇಗ, ಇನ್ನೊಂದು ತೆಂಗು. ಖೋ ಖೋ ಅಂಕಣಕ್ಕೆಂದು ಮರ ತೆಗೆಸಿದ್ದರು. ಮರ ಹೋಗಿ ಬೊಡ್ಡೆ ಉಳಿದಿತ್ತು; ಓಡುವ ಮಕ್ಕಳು ಎಡವುತ್ತಿದ್ದರು. ನಾನು ಸೇರಿದ ವಾರವೇ ಎಂಟನೇ ತರಗತಿಯ ಹುಡುಗನೊಬ್ಬನ ಹೆಬ್ಬೆರಳಿನ ಉಗುರು ಕಿತ್ತುಬಂತು. ಬೊಡ್ಡೆ ಕೀಳಿಸುವ ದಿನ ಗೊತ್ತಾದಾಗ ಒಂಬತ್ತನೇ ತರಗತಿಯ ‘ಅಂಗಾಂಶಗಳು’ ಪಾಠವನ್ನು ಅದರ ಸುತ್ತಲೇ ಯೋಜಿಸಿದೆ.

ಪಾಠಯೋಜನೆಯ ಚಟುವಟಿಕೆಯ ಕಲಮಿನಲ್ಲಿ ನಾನು ಬರೆದದ್ದು ಹೀಗೆ: “ವಿದ್ಯಾರ್ಥಿಗಳು ಎರಡೂ ಬೊಡ್ಡೆಗಳ ಉಂಗುರಗಳನ್ನು ಎಣಿಸಿ ಮರಗಳ ವಯಸ್ಸನ್ನು ಕಂಡುಕೊಳ್ಳುವರು.” ಪದವಿಯಲ್ಲಿ ಸಸ್ಯಶಾಸ್ತ್ರ ಓದಿದವಳು ಬರೆದ ವಾಕ್ಯ ಇದು.

ತೇಗದ ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ ನೀರು ಸವರಿದಾಗ ಉಂಗುರಗಳು ಎದ್ದು ಕಂಡವು. ಮೂರು ಗುಂಪುಗಳ ಎಣಿಕೆ 19, 21, 22 ಎಂದು ಬಂತು. ತೆಂಗಿನ ಗುಂಪು ಮಾತ್ರ ಸುಮ್ಮನೆ ಕೂತಿತ್ತು. ಕೊನೆಗೆ ಒಬ್ಬಳು ಹೇಳಿದಳು, “ಮಿಸ್, ಇದರಲ್ಲಿ ಉಂಗುರಾನೇ ಇಲ್ಲ. ಬರೀ ಚುಕ್ಕೆ.”

ಏಕದಳ ಕಾಂಡದ ಅಡ್ಡಸೀಳಿಕೆಯ ಚಿತ್ರವನ್ನು ಪರೀಕ್ಷೆಗಳಲ್ಲಿ ಎಷ್ಟು ಸಲ ಬರೆದಿದ್ದೆನೋ! ಚದುರಿದ ನಾಳಕೂರ್ಚಗಳು, ಕ್ಯಾಂಬಿಯಂ ಇಲ್ಲ. ಆ ಚಿತ್ರ ಯಾವಾಗಲೂ ಮೆಕ್ಕೆಜೋಳದ್ದು. ಮನೆ ಹಿಂದಿನ ತೆಂಗಿಗೂ ಅದು ಅನ್ವಯಿಸುತ್ತದೆಂದು ನನಗೆ ಹೊಳೆದದ್ದು ಆ ಹುಡುಗಿಯ ಮಾತಿನಿಂದ. ಯೋಜನೆಯಲ್ಲಿ ತಪ್ಪು ಬರೆದಿದ್ದೇನೆಂದು ಮಕ್ಕಳಿಗೆ ಹೇಳಿದೆ. ಹೇಳಲು ನಾಲಿಗೆ ತಡವರಿಸಿತು, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕೂತಿದ್ದರು. ಆದರೆ ಪಾಠ ಜೀವ ಪಡೆದದ್ದು ಅಲ್ಲಿಂದಲೇ. ಚುಕ್ಕೆಗಳು ಅಂಚಿನಲ್ಲಿ ಒತ್ತಾಗಿ, ನಡುವೆ ವಿರಳವಾಗಿವೆ. ಅದಕ್ಕೇ ತೆಂಗಿನ ತೊಲೆಗೆ ಅಂಚಿನ ಭಾಗ ಗಟ್ಟಿ, ತಿರುಳು ಮೆದು ಎಂದು ಮಕ್ಕಳೇ ಹೊಂದಿಸಿದರು.

ಮುಂದಿನ ಪ್ರಶ್ನೆಯೂ ಅವರದೇ. ತೇಗ ಪ್ರತಿ ಮಳೆಗಾಲ ಚಿಗುರುತ್ತದೆ, ತೆಂಗು ಯಾಕಿಲ್ಲ? ತೆಂಗಿಗೆ ಬೆಳೆಯುವ ತುದಿ ಒಂದೇ, ಅದು ಸುಳಿಯಲ್ಲಿರುತ್ತದೆ. ಸುಳಿ ಹೋದರೆ ಮರ ಹೋಯಿತು. ತೆಂಗಿನ ಸೀಮೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ‘ತುದಿ ವರ್ಧನ ಅಂಗಾಂಶ’ ಎಂಬ ಹೆಸರನ್ನು ಮಾತ್ರ ನಾನು ಸೇರಿಸಿದೆ. ತೇಗದ ತೊಗಟೆಯಡಿ ಸುಪ್ತ ಮೊಗ್ಗುಗಳಿರುತ್ತವೆ, ಮೇಲಿನ ಕಾಂಡ ಹೋದಾಗ ಅವು ಏಳುತ್ತವೆ. ಅವಕ್ಕೆ ಊಟ ಎಲ್ಲಿಂದ ಎಂಬುದನ್ನು ಮರುದಿನಕ್ಕೆ ಉಳಿಸಿದೆ.

ಅದೇ ಅವಧಿಯಲ್ಲಿ ಒಬ್ಬ ಹುಡುಗ, “ತೂತು ಕೊರೆದು ಇಂಗು ಹಾಕಿದ್ರೆ ಚಿಗುರಲ್ಲ ಮಿಸ್, ನಮ್ಮಜ್ಜ ಹೇಳ್ತಾರೆ” ಎಂದ. “ಅದೆಲ್ಲ ಮೂಢನಂಬಿಕೆ” ಎಂದು ಮುಂದೆ ಹೋದೆ.

ಬೊಡ್ಡೆ ಕೀಳಲು ಬಂದವರು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ. ಮಕ್ಕಳ ಕೈಗೆ ಉಪಕರಣ ಕೊಡಲಿಲ್ಲ, ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದೆವು. ಅವರು ನೋಡಿದವರೇ ಅಂದರು, “ನೆಲಮಟ್ಟ ಕುಯ್ದುಬಿಟ್ಟವ್ರೆ ಮೇಡಂ. ಎದೆಮಟ್ಟ ಬಿಟ್ಟಿದ್ರೆ ಹಿಡ್ದು ಅಲ್ಲಾಡ್ಸಬೋದಿತ್ತು.” ಸನ್ನೆಯ ತತ್ವವನ್ನು ಒಂದೇ ಮಾತಿನಲ್ಲಿ ಹೇಳಿದ್ದರು: ಹಿಡಿಯುವ ಜಾಗ ಬುಡದಿಂದ ದೂರವಿದ್ದಷ್ಟೂ ಕಡಿಮೆ ಬಲ ಸಾಕು.

ಹಿಂದಿನ ಸಂಜೆಯೇ ನೀರು ಹಾಯಿಸಿ ಮಣ್ಣು ನೆನೆಸಿದ್ದರು. ತೆಂಗಿನ ಸುತ್ತ ಅಗೆದಾಗ ಸಾವಿರಾರು ಬೇರು, ಒಂದೂ ಬೆರಳಿಗಿಂತ ದಪ್ಪವಿಲ್ಲ. ಕ್ಯಾಂಬಿಯಂ ಇಲ್ಲದಿರುವುದು ಬೇರಿನಲ್ಲೂ ಕಂಡಿತು. ಗುದ್ದಲಿಗೇ ಅವು ತುಂಡಾದವು. ಕೊಳೆತ ಬುಡದೊಳಗೆ ರೈನೋಸರಸ್ ದುಂಬಿಯ ದಪ್ಪ ಬಿಳಿ ಹುಳುಗಳಿದ್ದವು. ಪಕ್ಕದ ತೋಟದ ಸುಳಿ ಕೊರೆಯುವ ದುಂಬಿಗೆ ನಮ್ಮ ಶಾಲೆಯೇ ತೊಟ್ಟಿಲಾಗಿತ್ತು. ಮಧ್ಯಾಹ್ನದೊಳಗೆ ತೆಂಗು ಮುಗಿಯಿತು. ತೇಗಕ್ಕೆ ಎರಡನೇ ದಿನವೂ ಬೇಕಾಯಿತು. ಬುಡದಿಂದ ಒಂದು ಮೊಳ ಬಿಟ್ಟು ಸುತ್ತ ಕಾಲುವೆ ತೆಗೆದು, ತೋಳಿನಷ್ಟು ದಪ್ಪದ ಪಕ್ಕದ ಬೇರುಗಳನ್ನು ಒಂದೊಂದಾಗಿ ಕೊಡಲಿಯಿಂದ ಕಡಿದು, ಕೊನೆಗೆ ಎರಡು ಹಾರೆ ಹಾಕಿ ಎಬ್ಬಿಸಿದರು.

ಆಗ ತಾನೇ ಕಡಿದ ತೇಗದ ಬೇರಿನ ಬಿಲ್ಲೆಯೊಂದನ್ನು ತೊಳೆದು ಅಯೋಡಿನ್ ದ್ರಾವಣ ಹಾಕಿದೆವು. ಕಡುನೀಲಿಗೆ ತಿರುಗಿತು. ಚಿಗುರಿನ ಊಟ ಅಲ್ಲಿತ್ತು. ಶಾಲೆಯಲ್ಲಿ ಚಿಗುರು ಕಡಿಯುತ್ತಿದ್ದದ್ದು ವರ್ಷಕ್ಕೊಮ್ಮೆ, ಆಗಸ್ಟ್ 15ರ ಸ್ವಚ್ಛತೆಯ ದಿನ. ಉಳಿದ ತಿಂಗಳೆಲ್ಲ ಎಲೆಗಳು ಬೇರಿನ ಕಣಜ ತುಂಬುತ್ತಿದ್ದವು. ಮೂಡಿದ ಕೂಡಲೇ ಮತ್ತೆ ಮತ್ತೆ ಚಿವುಟಿದ್ದರೆ ಕಣಜ ಬರಿದಾಗುತ್ತಿತ್ತು ಎಂಬ ತೀರ್ಮಾನಕ್ಕೆ ತರಗತಿ ಬಂತು.

ವೀಕ್ಷಣಾ ಟಿಪ್ಪಣಿಯಲ್ಲಿ ಉಂಗುರದ ತಪ್ಪಿನ ಬಗ್ಗೆ ಒಂದೇ ಸಾಲಿತ್ತು. ಕೆಳಗೆ ಗೆರೆ ಎಳೆದದ್ದು ಇನ್ನೊಂದಕ್ಕೆ: “ಇಂಗಿನ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಿದ್ದೇಕೆ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಖ್ಯ ಶಿಕ್ಷಕರನ್ನು ಕೇಳಿ, ಬೇಲಿಯ ಸಾಲಿನಲ್ಲಿ ಒಂದೇ ಗಾತ್ರದ ನಾಲ್ಕು ಗ್ಲಿರಿಸಿಡಿಯಾ ಬೊಡ್ಡೆ ಆರಿಸಿದೆವು. ನಾಲ್ಕಕ್ಕೂ ತೂತು, ಎರಡಕ್ಕೆ ಮಾತ್ರ ಇಂಗು. ಖಾಲಿ ತೂತು ಯಾಕೆಂದು ಯಾರೋ ಕೇಳಿದಾಗ ಉತ್ತರಿಸಿದ್ದು ಆ ಹುಡುಗನೇ: “ತೂತಿಂದ ಸತ್ರೆ ಇಂಗಿಗೆ ಹೆಸರು ಬರುತ್ತಲ್ಲ!”

ಪ್ರತಿ ಸೋಮವಾರ ಚಿಗುರಿನ ಎಣಿಕೆ. ನಾನು ಹೊರಡುವ ಹೊತ್ತಿಗೆ ಮೂರು ವಾರ ಕಳೆದಿತ್ತು, ನಾಲ್ಕೂ ಚಿಗುರುತ್ತಿದ್ದವು. ಎಣಿಕೆಯ ಪುಸ್ತಕ ಈಗ ಆ ಹುಡುಗನ ಹತ್ತಿರ ಇದೆ.